ಹಾಳೆಯಿಂದ ತೆರೆಗೆ: ಕಿರಿಯರ ಒಂದು ವೈಕಿಂಗ್ ಕಾದಂಬರಿಯನ್ನು ಕುರಿತು
(ಶಾಲೆಯ ಶತಮಾನೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ನೂರು ವರ್ಷಗಳ ಕಾಲ ಕನ್ನಡದ ಅಕ್ಷರವನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದ ಈ ವಿದ್ಯಾಮಂದಿರದ ಸಂಭ್ರಮದಲ್ಲಿ ನಾಲ್ಕು ಮಾತನಾಡುವ ಅವಕಾಶ ದೊರೆತುದು ನಮ್ಮ ಭಾಗ್ಯ. ಈ ಶಾಲೆ ಆರಂಭವಾದಾಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿತು. ಆ ಚರಿತ್ರೆಯನ್ನು ಕುರಿತು ಬೆಳಗಿನ ಗೋಷ್ಠಿಯಲ್ಲಿ ಬಲ್ಲವರು ಮಾತನಾಡಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ: ಕಿರಿಯರಿಗಾಗಿ ಬರೆದ ಐತಿಹಾಸಿಕ ಕಾದಂಬರಿಯೊಂದು ತೆರೆಗೆ ಬರುವಾಗ ಏನಾಗುತ್ತದೆ ಎಂಬುದು.

ಉದಾಹರಣೆಗಾಗಿ ನಾವು ವೈಕಿಂಗ್ ಯುಗವನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ನಮ್ಮ ಮಕ್ಕಳಿಗೆ ವೈಕಿಂಗರು ಅಪರಿಚಿತರಲ್ಲ. ಮೊಬೈಲಿನ ಪುಟ್ಟ ತೆರೆಯಲ್ಲಿ ಅವರು ಕೊಂಬಿನ ಶಿರಸ್ತ್ರಾಣ ಧರಿಸಿ ಕೊಡಲಿ ಬೀಸುವುದನ್ನು ಎಲ್ಲ ಮಕ್ಕಳೂ ಕಂಡಿದ್ದಾರೆ. ಅವರನ್ನು ಕುರಿತು ಪುಸ್ತಕ ಓದಿದವರು ಮಾತ್ರ ವಿರಳ. ಎರಡನೆಯದು, ನಮ್ಮದೇ ಪುರಾಣ, ನಮ್ಮದೇ ಚರಿತ್ರೆ ತೆರೆಗೆ ಬಂದಾಗ ಅಭಿಮಾನವೋ ಆಕ್ರೋಶವೋ ನಮ್ಮ ಕಣ್ಣನ್ನು ಮುಸುಕುತ್ತದೆ. ದೂರದ ಕಥೆಯಾದರೆ, ಮಾಡುವವನ ಕೈ ಎಲ್ಲಿ ಕತ್ತರಿಸಿತು, ಎಲ್ಲಿ ಹೊಲಿಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ವೈಕಿಂಗ್ ಯುಗವೆಂದರೆ ಸ್ಥೂಲವಾಗಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿ ನಡೆದ 793ರಿಂದ ಸ್ಟಾಮ್‌ಫರ್ಡ್ ಬ್ರಿಜ್ ಕಾಳಗ ನಡೆದ 1066ರವರೆಗಿನ ಕಾಲ. ಈಗಿನ ನಾರ್ವೆ, ಡೆನ್ಮಾರ್ಕ್, ಸ್ವೀಡನ್ನುಗಳ ಜನ ಈ ಅವಧಿಯಲ್ಲಿ ಹಡಗೇರಿ ಪಶ್ಚಿಮದಲ್ಲಿ ಉತ್ತರ ಅಮೆರಿಕದ ಅಂಚಿನವರೆಗೆ, ಪೂರ್ವದಲ್ಲಿ ನೀಪರ್ ನದಿಯ ಮೂಲಕ ಕಾನ್‌ಸ್ಟಾಂಟಿನೋಪಲ್ ನಗರದವರೆಗೆ ಹೋದರು. ಅವರು ದೋಚಿದ್ದು ನಿಜ. ಅದಕ್ಕಿಂತ ಹೆಚ್ಚಾಗಿ ಬೇಸಾಯ ಮಾಡಿದರು, ವ್ಯಾಪಾರ ಮಾಡಿದರು, ಹೊಸ ನೆಲದಲ್ಲಿ ಬೇರೂರಿದರು. ಸ್ವೀಡನ್ನಿನ ಹೆಲ್ಗ್ಯೊ ಎಂಬ ದ್ವೀಪದಲ್ಲಿ 1956ರಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಕಂಚಿನ ಬುದ್ಧವಿಗ್ರಹ ದೊರೆಯಿತು. ಅದು ನಮ್ಮ ಉಪಖಂಡದ ವಾಯವ್ಯದಲ್ಲಿ, ಸ್ವಾತ್ ಅಥವಾ ಕಾಶ್ಮೀರದ ಸೀಮೆಯಲ್ಲಿ ಎರಕವಾದುದು. ಯಾರ ಯಾರ ಕೈ ದಾಟಿ ಅಲ್ಲಿಗೆ ತಲುಪಿತೋ! ಆ ಜಗತ್ತು ನಾವು ಭಾವಿಸುವಷ್ಟು ಒರಟೂ ಆಗಿರಲಿಲ್ಲ, ಅಷ್ಟು ದೂರವೂ ಆಗಿರಲಿಲ್ಲ.

ಇನ್ನು ಕಾದಂಬರಿಗೆ ಬರೋಣ. ರೋಸ್‌ಮೆರಿ ಸಟ್‌ಕ್ಲಿಫ್ ಎಂಬ ಇಂಗ್ಲಿಷ್ ಲೇಖಕಿ 1976ರಲ್ಲಿ ‘ಬ್ಲಡ್ ಫ್ಯೂಡ್’ ಎಂಬ ಕಾದಂಬರಿಯನ್ನು ಹದಿಹರೆಯದ ಓದುಗರಿಗಾಗಿ ಪ್ರಕಟಿಸಿದರು. ‘ನೆತ್ತರಿನ ಹಗೆ’ ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು. 1920ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಈಕೆಯನ್ನು ಎಳವೆಯಲ್ಲೇ ಕೀಲುಗಳ ಉರಿಯೂತದ ಕಾಯಿಲೆ ಹಿಡಿಯಿತು. ಬಾಳಿನ ಬಹುಭಾಗ ಗಾಲಿಕುರ್ಚಿಯಲ್ಲಿ ಕಳೆಯಿತು. ಓದಲು ಕಲಿತದ್ದು ತಡವಾಗಿ. ಅಲ್ಲಿಯವರೆಗೆ ತಾಯಿ ಗಟ್ಟಿಯಾಗಿ ಓದಿ ಹೇಳಿದ ಕಥೆಗಳೇ ಅವರ ಪಾಠಶಾಲೆ. ತಂದೆ ನೌಕಾಪಡೆಯ ಅಧಿಕಾರಿ. ಬಾಲ್ಯ ಬಂದರುಗಳ ನಡುವೆ ಸಾಗಿತು. ಮುಂದೆ ಚಿತ್ರಕಲಾ ಶಾಲೆಯಲ್ಲಿ ಕಲಿತು ಕಿರುಚಿತ್ರಗಳನ್ನು ಬರೆಯುವ ಕಲಾವಿದೆಯಾದರು. ಕಿವಿಯಿಂದ ಕಲಿತ ಕಥೆ, ಕಣ್ಣಿನಿಂದ ಕಲಿತ ಸೂಕ್ಷ್ಮ, ಇವೆರಡೂ ಅವರ ಗದ್ಯದಲ್ಲಿ ಕೂಡಿಕೊಂಡಿವೆ. 1959ರ ‘ದ ಲ್ಯಾಂಟರ್ನ್ ಬೇರರ್ಸ್’ ಕಾದಂಬರಿಗಾಗಿ ಅವರಿಗೆ ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ದೊರೆಯಿತು.

‘ಬ್ಲಡ್ ಫ್ಯೂಡ್’ನ ಕಥಾನಾಯಕ ಜೆಸ್ಟಿನ್ ಎಂಬ ಹುಡುಗ. ಇಂಗ್ಲೆಂಡಿನ ಪಶ್ಚಿಮ ಸೀಮೆಯವನು. ಅರ್ಧ ಸ್ಯಾಕ್ಸನ್, ಅರ್ಧ ಅಲ್ಲಿನ ಹಳೆಯ ಬ್ರಿಟನ್ ಜನಾಂಗದವನು. ಯಾರಿಗೂ ಪೂರ್ತಿಯಾಗಿ ಸೇರದವನು. ತಾಯಿ ತೀರಿದ ಮೇಲೆ ದನ ಕಾಯುತ್ತಿದ್ದವನನ್ನು ಕಡಲ ದಾಳಿಕಾರರು ಹಿಡಿದೊಯ್ದು ಡಬ್ಲಿನ್ ನಗರದ ಗುಲಾಮರ ಸಂತೆಯಲ್ಲಿ ಮಾರುತ್ತಾರೆ. ಕೊಂಡವನು ಥಾರ್ಮಾಡ್ ಎಂಬ ಡೇನ್ ಯುವಕ. ಜೆಸ್ಟಿನ್ ಅವನ ಪ್ರಾಣ ಉಳಿಸಿ ಬಿಡುಗಡೆ ಪಡೆಯುತ್ತಾನೆ, ಒಡೆಯ ಗೆಳೆಯನಾಗುತ್ತಾನೆ. ಥಾರ್ಮಾಡ್‌ನ ಊರಿಗೆ ಮರಳಿದಾಗ ತಂದೆಯ ಕೊಲೆಯಾಗಿರುತ್ತದೆ. ಕೊಂದವರು ಕುಟುಂಬಕ್ಕೆ ಆಪ್ತರಾಗಿದ್ದ ಅಣ್ಣತಮ್ಮಂದಿರು. ಗೆಳೆಯನೊಡನೆ ನೆತ್ತರು ಬೆರೆಸಿ ಸೋದರನಾದ ಜೆಸ್ಟಿನ್‌ಗೆ ಆ ಹಗೆಯೂ ಪಾಲಿಗೆ ಬರುತ್ತದೆ. ಬೆನ್ನಟ್ಟುವಿಕೆ ಕೀವ್ ನಗರದ ಮೂಲಕ, ವೈಕಿಂಗರು ‘ಮಿಕ್ಲಗಾರ್ಡ್’, ಎಂದರೆ ಮಹಾನಗರ, ಎಂದು ಕರೆಯುತ್ತಿದ್ದ ಕಾನ್‌ಸ್ಟಾಂಟಿನೋಪಲ್‌ಗೆ ಮುಟ್ಟುತ್ತದೆ.

ಇಲ್ಲಿ ಚರಿತ್ರೆಯೂ ಕಥೆಯೂ ಹೆಣೆದುಕೊಳ್ಳುತ್ತವೆ. ಚಕ್ರವರ್ತಿ ಎರಡನೆಯ ಬೇಸಿಲ್, ಬಾರ್ದಾಸ್ ಫೋಕಾಸನ ದಂಗೆಯನ್ನು ಎದುರಿಸಲಾಗದೆ ಕೀವ್‌ನ ಅರಸು ವ್ಲಾದಿಮಿರನ ನೆರವು ಕೋರಿದನು. ಸುಮಾರು 988ರಲ್ಲಿ ಉತ್ತರದ ಆರು ಸಾವಿರ ಯೋಧರು ಬಂದರೆಂದು ಚರಿತ್ರೆ ಹೇಳುತ್ತದೆ. ಅವರಿಂದಲೇ ಮುಂದೆ ಹೆಸರಾದ ವರಾಂಗಿಯನ್ ಕಾವಲು ಪಡೆ ರೂಪುಗೊಂಡಿತು. ಹಾಗಿಯಾ ಸೋಫಿಯಾದ ಅಮೃತಶಿಲೆಯ ಕಟಕಟೆಯ ಮೇಲೆ ರೂನ್ ಲಿಪಿಯಲ್ಲಿ ಹಾಲ್ಫ್‌ಡಾನ್ ಎಂಬ ಹೆಸರು ಇಂದಿಗೂ ಮಸುಕಾಗಿ ಕಾಣುತ್ತದೆ. ಶಾಲೆಯ ಬೆಂಚಿನ ಮೇಲೆ ಹೆಸರು ಕೊರೆದ ಹಳೆ ವಿದ್ಯಾರ್ಥಿಗಳು ಇಲ್ಲಿ ಯಾರಾದರೂ ಇದ್ದರೆ, ತಮಗೆ ಸಾವಿರ ವರ್ಷದ ಹಿಂದೆಯೇ ಒಬ್ಬ ಪೂರ್ವಜನಿದ್ದನೆಂದು ಸಮಾಧಾನಪಡಬಹುದು.

ಕಥೆಯ ಕೊನೆಯಲ್ಲಿ ಥಾರ್ಮಾಡ್ ಸತ್ತಿದ್ದಾನೆ. ಗಾಯಗೊಂಡು ಯುದ್ಧಕ್ಕೆ ಒದಗದ ಜೆಸ್ಟಿನ್ ವೈದ್ಯವಿದ್ಯೆ ಕಲಿತಿದ್ದಾನೆ. ಆಗ ಗೆಳೆಯನನ್ನು ಕೊಂದವನೇ ರೋಗಿಯಾಗಿ ಅವನ ಮುಂದೆ ಬರುತ್ತಾನೆ. ಹಗೆಯ ಧರ್ಮ ಒಂದನ್ನು ಹೇಳುತ್ತದೆ, ವೈದ್ಯನ ಧರ್ಮ ಇನ್ನೊಂದನ್ನು. ಜೆಸ್ಟಿನ್ ಔಷಧದ ಕಡೆಗೆ ಕೈ ಚಾಚುತ್ತಾನೆ. ಇದೆಲ್ಲವನ್ನೂ ಅವನು ಮುಪ್ಪಿನಲ್ಲಿ, ಪರದೇಶದ ಆ ಮಹಾನಗರದಲ್ಲಿ ಕುಳಿತು, ತನ್ನ ಬಾಯಿಂದ ತಾನೇ ಹೇಳುತ್ತಿದ್ದಾನೆ.

ಈ ಕಾದಂಬರಿಯನ್ನು ಆಧರಿಸಿ 1990ರಲ್ಲಿ ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ ಒಂದು ಕಿರುಧಾರಾವಾಹಿಯನ್ನು ಮಾಡಿತು. ಅದರ ಹೆಸರು ‘ಸೀ ಡ್ರ್ಯಾಗನ್’, ಕಡಲ ಘಟಸರ್ಪ. ಹೆಸರಿನ ಈ ಬದಲಾವಣೆಯನ್ನು ಮಾತ್ರ ಗಮನಿಸೋಣ. ಪುಸ್ತಕದ ಹೆಸರು ಮನುಷ್ಯರ ನಡುವಿನ ಒಂದು ಗಾಯವನ್ನು ಸೂಚಿಸುತ್ತದೆ. ಧಾರಾವಾಹಿಯ ಹೆಸರು ಘಟಸರ್ಪದ ತಲೆ ಹೊತ್ತ ಹಡಗನ್ನು ಕಣ್ಣಮುಂದೆ ತರುತ್ತದೆ. ಗಾಯ ಕಣ್ಣಿಗೆ ಕಾಣದು, ಹಡಗು ಕಾಣುತ್ತದೆ. ತೆರೆಗೆ ಕಾಣುವುದು ಬೇಕು. ರೂಪಾಂತರದ ಎಲ್ಲ ಕಷ್ಟ, ಎಲ್ಲ ಪ್ರಲೋಭನೆ ಈ ಎರಡು ಹೆಸರುಗಳ ನಡುವಿನ ಅಂತರದಲ್ಲಿ ಅಡಗಿದೆ ಎಂಬುದು ನಮ್ಮ ಭಾವನೆ.

ಮೊದಲು ಹಡಗಿನ ಮಾತನ್ನೇ ಆಡೋಣ. ಅದು ಸುಲಭದ ಭಾಗ. ಐತಿಹಾಸಿಕ ಚಿತ್ರ ಮಾಡುವವರು ವಸ್ತುಗಳನ್ನು ಸರಿಯಾಗಿ ತೋರಿಸಬೇಕು. ನಾರ್ವೆಯಲ್ಲಿ 1880ರಲ್ಲಿ ಗೋಕ್‌ಸ್ಟಾಡ್ ಹಡಗು, 1904ರಲ್ಲಿ ಓಸೆಬರ್ಗ್ ಹಡಗು ಸಮಾಧಿಗಳಿಂದ ಹೊರಬಂದವು. ಡೆನ್ಮಾರ್ಕಿನ ರೊಸ್ಕಿಲ್ಡ್ ಕೊಲ್ಲಿಯ ತಳದಿಂದ 1962ರಲ್ಲಿ ಇನ್ನಷ್ಟು ಹಡಗುಗಳ ಅವಶೇಷಗಳನ್ನು ಮೇಲೆತ್ತಿದರು. ಅವುಗಳಲ್ಲೊಂದರ ಮರದ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿದಾಗ, ಅದು 1042ರ ಸುಮಾರಿಗೆ ಡಬ್ಲಿನ್ ಬಳಿಯ ಓಕ್ ಮರಗಳಿಂದ ಕಟ್ಟಿದ್ದೆಂದು ತಿಳಿಯಿತು. ಸುಮಾರು 30 ಮೀಟರ್ ಉದ್ದದ ಆ ಯುದ್ಧನೌಕೆಯ ಪ್ರತಿರೂಪವನ್ನು ಹಳೆಯ ರೀತಿಯ ಕೈಹತ್ಯಾರುಗಳಿಂದಲೇ ಕಟ್ಟಿ, 2007ರಲ್ಲಿ ರೊಸ್ಕಿಲ್ಡ್‌ನಿಂದ ಡಬ್ಲಿನ್‌ವರೆಗೆ ನಡೆಸಿಕೊಂಡು ಹೋದರು. ಅದರಲ್ಲಿ ಚಳಿ, ಒದ್ದೆ, ಇಕ್ಕಟ್ಟುಗಳೇ ಯಾತ್ರಿಕರ ಸಂಗಾತಿಗಳು. ಜೆಸ್ಟಿನ್ ಮಾರಾಟವಾದ ಊರಿನಲ್ಲಿ ಎಂಥ ಹಡಗು ಕಟ್ಟುತ್ತಿದ್ದರೆಂದು ಇಂದಿನ ನಿರ್ದೇಶಕನು ಊಹಿಸಬೇಕಿಲ್ಲ, ಹೋಗಿ ನೋಡಬಹುದು.

ಕೊಂಬಿನ ಶಿರಸ್ತ್ರಾಣದ ಕಥೆ ಇದಕ್ಕೆ ವಿರುದ್ಧವಾದುದು. ವೈಕಿಂಗ್ ಯೋಧರು ಕೊಂಬಿನ ಶಿರಸ್ತ್ರಾಣ ತೊಟ್ಟರೆಂಬುದಕ್ಕೆ ಆಧಾರವೇ ಇಲ್ಲ. ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ದೊರೆತ ಶಿರಸ್ತ್ರಾಣ ದುಂಡಗಿನ ಕಬ್ಬಿಣದ ಟೊಪ್ಪಿಗೆ. ಕಣ್ಣಿಗೆ ಕನ್ನಡಕದಂಥ ಕವಚ, ಅಷ್ಟೇ. ಕೊಂಬು ಎಲ್ಲಿಂದ ಬಂತು? 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರನ ಸಂಗೀತನಾಟಕಗಳಿಗೆ ಕಾರ್ಲ್ ಎಮಿಲ್ ಡೋಪ್ಲರ್ ಎಂಬ ಕಲಾವಿದ ರಚಿಸಿದ ವೇಷಭೂಷಣ ಅದನ್ನು ಜನಪ್ರಿಯಗೊಳಿಸಿತು. ರಂಗದ ಒಂದು ಅಲಂಕಾರ ನೂರೈವತ್ತು ವರ್ಷಗಳಲ್ಲಿ ಒಂದು ಜನಾಂಗದ ತಲೆಗೇ ಅಂಟಿಕೊಂಡಿತು. ತೆರೆಯ ಮೇಲಿನ ಸುಳ್ಳು ಎಷ್ಟು ಗಟ್ಟಿಯಾಗಿ ಬೇರೂರುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಆದರೆ ಹಡಗು, ಶಿರಸ್ತ್ರಾಣ, ಕೊಡಲಿ ಎಲ್ಲವೂ ಸರಿಯಾಗಿದ್ದು ಕಥೆ ಸತ್ತುಹೋಗಬಹುದು. ಆದ್ದರಿಂದ ಕಷ್ಟದ ಭಾಗಕ್ಕೆ ಬರುತ್ತೇವೆ.

ಮೊದಲನೆಯ ಪ್ರಶ್ನೆ: ಏನನ್ನು ಬಿಡಬೇಕು? ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷವೆಂಬುದು ಆ ವೃತ್ತಿಯವರ ಲೆಕ್ಕ. ಎರಡು ಗಂಟೆಯ ಚಿತ್ರಕ್ಕೆ ನೂರಿಪ್ಪತ್ತು ಪುಟ. ಅದರಲ್ಲೂ ಅರ್ಧ ಬಿಳಿ ಜಾಗ. ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಿದರೆ ಆರೇಳು ಗಂಟೆಯಾದರೂ ಬೇಕು. ಹಾಗಾಗಿ ಕಡಿತ ಅನಿವಾರ್ಯ, ಅದು ಪಾಪವಲ್ಲ. ಕಡಿಯುವವನಿಗೆ ಮರದ ತಿರುಳು ಯಾವುದು, ತೊಗಟೆ ಯಾವುದು ಎಂಬ ಅರಿವಿದೆಯೇ ಎಂಬುದಷ್ಟೇ ಪ್ರಶ್ನೆ. ಸ್ವೀಡನ್ನಿನ ಫ್ರಾನ್ಸ್ ಬೆಂಗ್ಟ್‌ಸನ್ 1941 ಮತ್ತು 1945ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ, ‘ದ ಲಾಂಗ್ ಶಿಪ್ಸ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಕಾದಂಬರಿಯ ಗತಿಯನ್ನು ನೋಡಿ. ಅದರ ನಾಯಕ ಓರ್ಮ್. ಅದರ ಜೀವಾಳ ಗಂಭೀರ ಮುಖದ ಹಾಸ್ಯ. 1964ರಲ್ಲಿ ಜಾಕ್ ಕಾರ್ಡಿಫ್ ನಿರ್ದೇಶಿಸಿದ ಚಿತ್ರದಲ್ಲಿ ರೋಲ್ಫ್ ಎಂಬ ಬೇರೊಬ್ಬನು ನಾಯಕನಾದ. ಓರ್ಮ್ ಅವನ ತಮ್ಮನಾದ. ಕಥೆಯೆಲ್ಲ ಬಂಗಾರದ ಗಂಟೆಯೊಂದರ ಹುಡುಕಾಟವಾಯಿತು. ತೊಗಟೆ ಉಳಿಯಿತು, ತಿರುಳು ಹೋಯಿತು.

ಸಟ್‌ಕ್ಲಿಫ್ ಅವರದೇ ಇನ್ನೊಂದು ಕೃತಿಯ ಉದಾಹರಣೆಯೂ ಇದೆ. ಅದು ವೈಕಿಂಗರದಲ್ಲ, ರೋಮನ್ನರ ಕಾಲದ್ದು. 1954ರ ‘ದ ಈಗಲ್ ಆಫ್ ದ ನೈನ್ತ್’ 2011ರಲ್ಲಿ ಕೆವಿನ್ ಮ್ಯಾಕ್‌ಡೊನಾಲ್ಡ್ ನಿರ್ದೇಶನದಲ್ಲಿ ‘ದ ಈಗಲ್’ ಎಂಬ ಚಿತ್ರವಾಯಿತು. ಕಾದಂಬರಿಯಲ್ಲಿ ಕಾಟಿಯಾ ಎಂಬ ಹುಡುಗಿಯಿದ್ದಾಳೆ; ತನ್ನ ಜನರ ಹೆಸರನ್ನೂ ಭಾಷೆಯನ್ನೂ ಬಿಡಿಸಿ ತನ್ನನ್ನು ರೋಮನ್ ಹುಡುಗಿಯಾಗಿಸುವ ಮನೆಯವರ ಪ್ರಯತ್ನವನ್ನು ಅವಳು ಒಪ್ಪುವುದಿಲ್ಲ. ಚಿತ್ರದಲ್ಲಿ ಅವಳೇ ಇಲ್ಲ. ಇಬ್ಬರು ಗಂಡಸರ ಸಾಹಸಕ್ಕೆ ಅವಳು ಅನಗತ್ಯವೆನಿಸಿರಬೇಕು. ಆದರೆ ಈ ಸಭಾಂಗಣದಲ್ಲಿರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಆ ಪುಸ್ತಕದೊಳಕ್ಕೆ ಹೊಗುವ ಬಾಗಿಲು ಕಾಟಿಯಾಳೇ ಆಗುತ್ತಿದ್ದಳು. ಒಂದು ಪಾತ್ರವನ್ನು ಕಡಿದಾಗ ಒಂದು ವರ್ಗದ ಓದುಗರ ಬಾಗಿಲೂ ಮುಚ್ಚುತ್ತದೆ.

ಎರಡನೆಯ ಪ್ರಶ್ನೆ: ‘ನಾನು’ ಎಂಬ ದನಿಯನ್ನು ತೆರೆಗೆ ತರುವುದು ಹೇಗೆ? ಪುಸ್ತಕದಲ್ಲಿ ಮುದುಕ ಜೆಸ್ಟಿನ್ ‘ನಾನು’ ಎನ್ನುತ್ತಾನೆ. ಅದರೊಳಗೆ ಇಬ್ಬರಿದ್ದಾರೆ: ಅಂದು ಅನುಭವಿಸಿದ ಹುಡುಗ, ಇಂದು ಅರ್ಥಮಾಡಿಕೊಂಡ ವೃದ್ಧ. ಕ್ಯಾಮರಾ ಹುಡುಗನನ್ನು ಹೊರಗಿನಿಂದ ನೋಡುತ್ತದೆ; ವೃದ್ಧನ ಅರಿವು ಅದಕ್ಕೆ ಸಿಕ್ಕದು. ಸುಲಭೋಪಾಯವೆಂದರೆ ಹಿನ್ನೆಲೆಯಲ್ಲಿ ವೃದ್ಧನ ದನಿ ಕೇಳಿಸುವುದು. ಮಿತವಾಗಿ ಬಳಸಿದರೆ ಅದು ಒಳ್ಳೆಯದೇ. ಅತಿಯಾದರೆ ಚಿತ್ರ ನೋಡುವ ಪುಸ್ತಕವಾಗುತ್ತದೆ, ಚಿತ್ರವಾಗುವುದಿಲ್ಲ.

ಇನ್ನೊಂದು ದಾರಿ, ಒಳಗಿನ ಭಾವಕ್ಕೆ ಹೊರಗೊಂದು ಕ್ರಿಯೆಯನ್ನು ಹುಡುಕುವುದು. ಗುಲಾಮರ ಸಂತೆಯ ಸಂದರ್ಭವನ್ನು ನಮ್ಮ ವಿದ್ಯಾರ್ಥಿಗಳೇ ಚಿತ್ರಕಥೆ ಮಾಡುತ್ತಾರೆನ್ನೋಣ. ‘ಹುಡುಗನಿಗೆ ಅವಮಾನವಾಯಿತು’ ಎಂದು ಬರೆದರೆ ಕ್ಯಾಮರಾ ಹಿಡಿದವನು ಕೈಚೆಲ್ಲುತ್ತಾನೆ. ಅವಮಾನದ ಚಿತ್ರ ತೆಗೆಯುವುದು ಹೇಗೆ? ಹೀಗೆ ಬರೆದು ನೋಡಬಹುದು: ಕೊಳ್ಳುವವನೊಬ್ಬ ದನದ ಹಲ್ಲು ನೋಡುವಂತೆ ಹುಡುಗನ ಬಾಯಿ ತೆರೆಸುತ್ತಾನೆ. ಹುಡುಗನ ಕಣ್ಣು ಪಕ್ಕದಲ್ಲಿ ಕಟ್ಟಿಹಾಕಿದ ಹಸುವಿನತ್ತ ಹೊರಳುತ್ತದೆ. ನಿನ್ನೆಯವರೆಗೆ ಅವನು ದನ ಕಾಯುತ್ತಿದ್ದವನು. ಮಾತಿಲ್ಲ, ಸಂಗೀತವಿಲ್ಲ. ಇದು ನಾವು ಹೆಣೆದ ದೃಶ್ಯ, ಪುಸ್ತಕದಲ್ಲಿ ಇರುವುದಲ್ಲ. ಆದರೆ ಪುಸ್ತಕದ ಭಾವಕ್ಕೆ ಹೊರತೂ ಅಲ್ಲ. ಅಕ್ಷರಕ್ಕೆ ನಿಷ್ಠೆ ಬೇರೆ, ಭಾವಕ್ಕೆ ನಿಷ್ಠೆ ಬೇರೆ. ರೂಪಾಂತರಕಾರನ ಸ್ವಾತಂತ್ರ್ಯವೂ ಹೊಣೆಯೂ ಈ ಎರಡರ ನಡುವೆ ಇವೆ.

ಈ ನಾಡಿನವರಿಗೆ ಇದು ಹೊಸ ಪಾಠವೇನಲ್ಲ. ಪಾರ್ತಿಸುಬ್ಬನ ಕುಂಬಳೆಯ ನೆಲವಿದು. ಪ್ರಸಂಗದ ಪದ್ಯ ಒಂದೇ. ಅರ್ಥಧಾರಿ ಬದಲಾದಂತೆ ಅದೇ ಪದ್ಯದಿಂದ ಬೇರೆ ಬೇರೆ ಕರ್ಣರು, ಬೇರೆ ಬೇರೆ ವಾಲಿಗಳು ಎದ್ದು ಬರುವುದನ್ನು ನಮ್ಮ ಹಿರಿಯರು ರಾತ್ರಿಯಿಡೀ ಕುಳಿತು ಕೇಳಿದ್ದಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ರಥವಿಲ್ಲ, ಹಡಗಂತೂ ಇಲ್ಲವೇ ಇಲ್ಲ. ಪಾತ್ರದ ಒಳಗನ್ನು ಮಾತು ಮಾತ್ರದಿಂದ ತೆರೆದು ತೋರಿಸುತ್ತಾರೆ. ಸಿನಿಮಾ ಇದರ ಎದುರು ತುದಿ: ಅಲ್ಲಿ ಎಲ್ಲ ವೈಭವವೂ ಇದೆ, ಒಳಗನ್ನು ತೋರಿಸುವುದೇ ಕಷ್ಟ. ತಾಳಮದ್ದಳೆ ಕೇಳಿ ಬೆಳೆದ ಮಗು ಚಿತ್ರ ನೋಡುವಾಗ ‘ಇವನ ಮನಸ್ಸಿನಲ್ಲಿ ಏನಿದೆ?’ ಎಂದು ಕೇಳುತ್ತದೆ. ಆ ಪ್ರಶ್ನೆಯೇ ಒಂದು ಶಿಕ್ಷಣ.

ಮೂರನೆಯ ಪ್ರಶ್ನೆ ನಮಗೆ ಅತ್ಯಂತ ಹತ್ತಿರವಾದುದು: ತೆರೆಯ ಮೇಲೆ ಯಾರು ಯಾವ ಭಾಷೆಯಲ್ಲಿ ಮಾತನಾಡಬೇಕು? ಜೆಸ್ಟಿನ್‌ನ ಬಾಳಿನಲ್ಲಿ ಹಳೆಯ ಬ್ರಿಟನ್ ಜನಾಂಗದ ನುಡಿ ಒಂದು, ಸ್ಯಾಕ್ಸನ್ ಇನ್ನೊಂದು, ಒಡೆಯನ ನಾರ್ಸ್ ಮತ್ತೊಂದು, ಮಹಾನಗರದ ಗ್ರೀಕ್ ಮಗದೊಂದು. ಇಂಗ್ಲಿಷ್ ಪುಸ್ತಕದಲ್ಲಿ ಇವೆಲ್ಲವೂ ಇಂಗ್ಲಿಷಿನಲ್ಲೇ ಇವೆ. ಓದುಗ ತನ್ನ ಮನಸ್ಸಿನಲ್ಲಿ ಬೇರ್ಪಡಿಸಿಕೊಳ್ಳುತ್ತಾನೆ. ತೆರೆಯ ಮೇಲೆ ದನಿ ಕಿವಿಗೆ ಬೀಳುತ್ತದೆ. ಬೇರ್ಪಡಿಸುವ ಕೆಲಸವನ್ನು ಚಿತ್ರವೇ ಮಾಡಬೇಕು. ಎಲ್ಲರೂ ಒಂದೇ ಭಾಷೆಯಲ್ಲಿ ಮಾತನಾಡಿದರೆ ಹುಡುಗ ಅನುಭವಿಸಿದ ಆ ಭಯಂಕರ ಏಕಾಂತ, ತನ್ನ ಬೆಲೆಯನ್ನು ತನಗೆ ಪೂರ್ತಿ ತಿಳಿಯದ ನುಡಿಯಲ್ಲಿ ಕೂಗುತ್ತಿರುವುದನ್ನು ಕೇಳುವ ಸಂಕಟ, ಮಾಯವಾಗುತ್ತದೆ.

ಇದಕ್ಕೆ ಚಿತ್ರಕಾರರು ಕಂಡುಕೊಂಡ ಉತ್ತರಗಳು ಹಲವು. ‘ದ ಈಗಲ್’ ಚಿತ್ರದಲ್ಲಿ ಸಾಮ್ರಾಜ್ಯದವರು ಇಂಗ್ಲಿಷ್ ಆಡಿದರೆ ಉತ್ತರದ ಬುಡಕಟ್ಟಿನವರು ಗೇಲಿಕ್ ಆಡುತ್ತಾರೆ. ಮೈಕೆಲ್ ಕ್ರೈಟನ್ ಬರೆದ ಕಾದಂಬರಿಯೊಂದನ್ನು ಆಧರಿಸಿದ 1999ರ ‘ದ ತರ್ಟೀನ್ತ್ ವಾರಿಯರ್’ ಚಿತ್ರದ ಉತ್ತರ ಇನ್ನೂ ಸೊಗಸಾದುದು. ಆ ಕಾದಂಬರಿಯೂ 1976ರದೇ. 921ರಲ್ಲಿ ಬಾಗ್ದಾದಿನಿಂದ ಹೊರಟು ವೋಲ್ಗಾ ತೀರದಲ್ಲಿ ಉತ್ತರದ ವ್ಯಾಪಾರಿಗಳನ್ನು ಕಂಡು ಬರೆದಿಟ್ಟ ಅರಬ್ ರಾಯಭಾರಿ ಇಬ್ನ್ ಫದ್ಲಾನ್ ಅದರ ನಾಯಕ. ಚಿತ್ರದಲ್ಲಿ ಅವನು ರಾತ್ರಿ ರಾತ್ರಿ ಬೆಂಕಿಯ ಸುತ್ತ ಕುಳಿತ ಯೋಧರ ಅಪರಿಚಿತ ಮಾತನ್ನು ಕಿವಿಗೊಟ್ಟು ಕೇಳುತ್ತಾನೆ. ಮೊದಲು ಬರೀ ಸದ್ದು. ಆಮೇಲೆ ನಡುನಡುವೆ ಒಂದೊಂದು ಪದ ನಮಗೂ ತಿಳಿಯುವ ಭಾಷೆಯದಾಗುತ್ತದೆ. ಕೊನೆಗೆ ಇಡೀ ಮಾತು ತಿಳಿಯುತ್ತದೆ. ಅವನು ಬಾಯಿ ತೆರೆದು ಉತ್ತರ ಕೊಟ್ಟಾಗ ಅವರು ಬೆಚ್ಚುತ್ತಾರೆ. ಕೆಲವೇ ನಿಮಿಷಗಳಲ್ಲಿ ಭಾಷೆ ಕಲಿಯುವ ಇಡೀ ತಪಸ್ಸನ್ನು ತೆರೆ ತೋರಿಸಿದೆ. ಪುಸ್ತಕ ಮಾಡಲಾಗದ್ದನ್ನು ಸಿನಿಮಾ ಮಾಡಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಮಲಯಾಳವೋ ಆಡಿ, ತರಗತಿಯಲ್ಲಿ ಕನ್ನಡದಲ್ಲಿ ಪಾಠ ಕೇಳಿ, ಕಚೇರಿಯಲ್ಲಿ ಮಲಯಾಳದ ಅರ್ಜಿ ತುಂಬುವ ನಮ್ಮ ಮಕ್ಕಳಿಗೆ ಆ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವಾಗ ದನಿ, ನಿಲುವು, ಧೈರ್ಯ ಎಲ್ಲವೂ ಹೇಗೆ ಬದಲಾಗುತ್ತವೆಂದು ಅವರು ಬಲ್ಲರು. ಒಂದೇ ಭಾಷೆಯ ನಡುವೆ ಬೆಳೆದವನಿಗೆ ದುಡಿದು ಸಂಪಾದಿಸಬೇಕಾದ ಈ ಅರಿವು ಇವರಿಗೆ ಹುಟ್ಟಿನಿಂದ ಬಂದ ಆಸ್ತಿ. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಜೆಸ್ಟಿನ್‌ನ ಕಥೆಯಲ್ಲಿ ನಾರ್ಸ್ ಮೊದಲು ಒಡೆಯನ ಭಾಷೆ, ಆಮೇಲೆ ಗೆಳೆಯನ ಭಾಷೆ. ದಾಳಿ ಮಾಡಿ ನೆಲೆಸಿದವರ ನುಡಿಯಿಂದಲೇ ಇಂಗ್ಲಿಷಿಗೆ ಸ್ಕೈ, ಎಗ್, ವಿಂಡೋ, ನೈಫ್ ಮುಂತಾದ ಪದಗಳು ಬಂದವು. ಒಲೆಯ ಬಳಿಯ, ಕಿಟಕಿಯ ಬಳಿಯ ಪದಗಳು ಕತ್ತಿಯ ತುದಿಯಿಂದ ಬರುವುದಿಲ್ಲ. ನೆರೆಹೊರೆಯಿಂದ, ಕೊಡುಕೊಳುವಿನಿಂದ ಬರುತ್ತವೆ. ಆದ್ದರಿಂದ ನಾವು ಇಂಥ ಕಥೆಯನ್ನು ನಮ್ಮ ರಂಗಕ್ಕೆ ತಂದರೂ ಯಾವ ಭಾಷೆಯನ್ನೂ ಹಗೆಯ ಭಾಷೆಯನ್ನಾಗಿ ನಿಲ್ಲಿಸಬೇಕಿಲ್ಲ.

ನಾಲ್ಕನೆಯ ಪ್ರಶ್ನೆಯನ್ನು ತಾಯಿತಂದೆಯರು ಖಂಡಿತ ಕೇಳುತ್ತಾರೆ: ಇಷ್ಟೊಂದು ನೆತ್ತರು ಮಕ್ಕಳ ಕಣ್ಣಿಗೆ ಬೇಕೇ? ನೆತ್ತರನ್ನು ಪೂರ್ತಿ ಒರೆಸಿದರೆ ಚರಿತ್ರೆ ಸುಳ್ಳಾಗುತ್ತದೆ. ಗುಲಾಮರ ವ್ಯಾಪಾರ ನಡೆದದ್ದು ನಿಜ. ಅದನ್ನು ಮರೆಮಾಚಿದ ವೈಕಿಂಗ್ ಚಿತ್ರ ಬರೀ ಜಾತ್ರೆಯ ವೇಷ. ಆದರೆ ಎಷ್ಟು ತೋರಿಸಿದರು ಎಂಬುದಕ್ಕಿಂತ ಯಾವುದಕ್ಕಾಗಿ ತೋರಿಸಿದರು ಎಂಬುದನ್ನು ನೋಡಬೇಕು. ಕತ್ತಿ ಬೀಸಿದವನ ಮುಖವನ್ನು ಮಾತ್ರ ತೋರಿಸುವ ಚಿತ್ರ ಒಂದು ಬಗೆಯದು. ಕತ್ತಿ ಬಿದ್ದ ಮನೆಯಲ್ಲಿ ಮರುದಿನ ಹಾಲು ಕರೆಯುವವರು ಯಾರೆಂದು ತೋರಿಸುವ ಚಿತ್ರ ಇನ್ನೊಂದು ಬಗೆಯದು.

ಈ ಮಾತಿಗೆ ಜಪಾನಿನಿಂದ ಒಂದು ನಿದರ್ಶನವಿದೆ. ಹೈಸ್ಕೂಲಿನ ಕೆಲವು ಹುಡುಗರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಮಕೊಟೊ ಯುಕಿಮುರಾ ಎಂಬ ಚಿತ್ರಕಥನಕಾರ 2005ರಲ್ಲಿ ‘ವಿನ್‌ಲ್ಯಾಂಡ್ ಸಾಗಾ’ ಎಂಬ ಮಾಲೆಯನ್ನು ಆರಂಭಿಸಿದರು. ಅದು ಕಾದಂಬರಿಯಲ್ಲ, ಚಿತ್ರಗಳಲ್ಲಿ ಹೇಳಿದ ಕಥೆ. ಐಸ್‌ಲ್ಯಾಂಡಿನ ಸಾಗಾಗಳಲ್ಲಿ ಬರುವ ಥಾರ್ಫಿನ್ ಎಂಬವನನ್ನು ಆಧರಿಸಿದ್ದು. 2019ರಲ್ಲಿ ಅದು ಅನಿಮೇಷನ್ ಧಾರಾವಾಹಿಯಾಗಿ ಬಂತು. ಮೊದಲ 24 ಕಂತುಗಳಲ್ಲಿ ತಂದೆಯನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಹವಣಿಸುವ ಹುಡುಗ, ಎಲ್ಲೆಲ್ಲೂ ಯುದ್ಧ. 2023ರ ಮುಂದಿನ 24 ಕಂತುಗಳಲ್ಲಿ ಅವನು ಒಂದು ಹೊಲದಲ್ಲಿ ಗುಲಾಮ. ಕಾಡು ಕಡಿಯುತ್ತಾನೆ, ಬೇರು ಕೀಳುತ್ತಾನೆ, ಗೋಧಿ ಬಿತ್ತುತ್ತಾನೆ, ತಾನು ಕೊಂದವರ ನೆನಪಿನಿಂದ ರಾತ್ರಿ ಬೆಚ್ಚಿ ಏಳುತ್ತಾನೆ. ಯುದ್ಧ ನೋಡಲು ಬಂದ ಹದಿಹರೆಯದ ಪ್ರೇಕ್ಷಕರ ಮುಂದೆ ಬೇಸಾಯವನ್ನು ಇಡುವ ಧೈರ್ಯವನ್ನು ಅದನ್ನು ಮಾಡಿದವರು ತೋರಿದರು. ಐಸ್‌ಲ್ಯಾಂಡಿನ ಕಥೆಯ ತಿರುಳನ್ನು ಹಿಡಿಯಲು ಐಸ್‌ಲ್ಯಾಂಡಿನಲ್ಲೇ ಹುಟ್ಟಬೇಕಿಲ್ಲ ಎಂಬುದನ್ನೂ ಅದು ತೋರಿಸಿತು.

ಈಗ ‘ಬ್ಲಡ್ ಫ್ಯೂಡ್’ನ ಕೊನೆಯ ದೃಶ್ಯವನ್ನು ಮತ್ತೆ ನೆನೆಯೋಣ. ಹಗೆ ಕಟ್ಟಿಕೊಂಡು ಸಾವಿರಾರು ಮೈಲಿ ನಡೆದವನ ಮುಂದೆ ಹಗೆಯವನು ಅಸಹಾಯಕನಾಗಿ ಬಿದ್ದಿದ್ದಾನೆ. ದುಡ್ಡು ಹೂಡಿದವನು ನಿರ್ದೇಶಕನಿಗೆ ಏನು ಹೇಳಬಹುದು? ‘ಪ್ರೇಕ್ಷಕ ಇಷ್ಟು ಹೊತ್ತು ಕಾದಿದ್ದು ಕಾಳಗಕ್ಕಾಗಿ. ಇಬ್ಬರೂ ಕತ್ತಿ ಹಿಡಿಯಲಿ, ಮಳೆ ಸುರಿಯಲಿ.’ ಒಪ್ಪಿದರೆ ಚಿತ್ರ ಓಡಲೂಬಹುದು. ಆದರೆ ಸಟ್‌ಕ್ಲಿಫ್ ಇಡೀ ಕಾದಂಬರಿಯನ್ನು ಬರೆದದ್ದು ಆ ಕತ್ತಿ ಮೇಲೇಳದೆ ಇರುವ ಒಂದು ಗಳಿಗೆಗಾಗಿ. ಆ ಗಳಿಗೆಯನ್ನು ಉಳಿಸಿ ಉಳಿದುದನ್ನೆಲ್ಲ ಬದಲಿಸಿದರೂ ಚಿತ್ರ ಪುಸ್ತಕಕ್ಕೆ ನಿಷ್ಠವಾಗಿರುತ್ತದೆ. ಉಳಿದುದನ್ನೆಲ್ಲ ಚಾಚೂ ತಪ್ಪದೆ ಇಟ್ಟು ಆ ಗಳಿಗೆಯನ್ನು ಬದಲಿಸಿದರೆ, ಹಡಗಿನ ಪ್ರತಿಯೊಂದು ಮೊಳೆಯೂ ಸರಿಯಾಗಿದ್ದರೂ, ಅದು ಬೇರೆಯೇ ಕಥೆ. ನಾವು ಇಂದು ಹೇಳಬೇಕೆಂದಿರುವ ಮಾತು ಇದೊಂದೇ: ರೂಪಾಂತರವೆಂದರೆ ಯಾವುದನ್ನು ಯಾವ ಬೆಲೆಗೂ ಬಿಟ್ಟುಕೊಡಬಾರದೆಂಬ ನಿರ್ಧಾರ. ಕುಶಲತೆ ಆಮೇಲಿನದು.

ಈ ನಿರ್ಧಾರವನ್ನು ಯಾರು ಮಾಡುತ್ತಾರೆ? ಬರೆಯಬಲ್ಲವರು ಮಾಡುತ್ತಾರೆ. ನಮ್ಮ ಗಡಿನಾಡಿನ ಕಥೆ ಇಂದಲ್ಲ ನಾಳೆ ತೆರೆಗೆ ಬರುತ್ತದೆ. ಅದನ್ನು ತರುವವರು ಹೊರಗಿನವರಾಗಿದ್ದರೆ ಅವರಿಗೆ ಕಾಣುವುದು ಬೇಕಲದ ಕೋಟೆ, ಮಳೆ, ತೆಂಗಿನ ತೋಟ. ಅದು ನಮ್ಮ ಹಡಗು. ನಮ್ಮ ಗಾಯ ಯಾವುದು, ನಮ್ಮ ಔಷಧ ಯಾವುದು ಎಂಬುದು ಒಳಗಿನಿಂದ ಬರೆದವರಿಗೆ ಮಾತ್ರ ಗೊತ್ತು. ನೂರು ವರ್ಷ ಕನ್ನಡದಲ್ಲಿ ಓದುಬರಹ ಕಲಿಸಿದ ಶಾಲೆಯ ಮುಂದಿನ ಕೆಲಸ ಇಲ್ಲಿದೆ ಎಂದು ನಾವು ನಂಬುತ್ತೇವೆ.

ಆದ್ದರಿಂದ ಮೂರು ಸಣ್ಣ ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇವೆ. ಅಧ್ಯಾಪಕ ಬಂಧುಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳಿಂದ ಒಂದು ಕಥೆಯ ಒಂದೇ ಪ್ರಸಂಗವನ್ನು ಎರಡು ಪುಟಗಳ ಚಿತ್ರಕಥೆಯಾಗಿ ಬರೆಯಿಸಲಿ. ‘ದುಃಖವಾಯಿತು’, ‘ಕೋಪ ಬಂತು’ ಎಂಬ ಮಾತುಗಳನ್ನು ಬಳಸಕೂಡದು, ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಮಾತ್ರ ಬರೆಯಬೇಕು ಎಂಬ ಒಂದೇ ಕಟ್ಟಳೆ ಸಾಕು. ತಾಯಿತಂದೆಯರು ಮಗು ಚಿತ್ರ ನೋಡುವ ಮೊದಲು ಪುಸ್ತಕವನ್ನು ಕೈಗಿಡಲಿ. ಪುಸ್ತಕ ಓದಿದ ಮಗುವಿನ ಮನಸ್ಸಿನಲ್ಲಿ ಅದರದೇ ಒಂದು ಜೆಸ್ಟಿನ್ ಇರುತ್ತಾನೆ, ಯಾವ ನಟನೂ ಅವನನ್ನು ಅಳಿಸಲಾರ. ಓದಲು ಬಾರದಷ್ಟು ಚಿಕ್ಕ ಮಗುವಾದರೆ ಗಟ್ಟಿಯಾಗಿ ಓದಿ ಹೇಳಲಿ. ಸಟ್‌ಕ್ಲಿಫ್ ಅವರ ತಾಯಿ ಮಾಡಿದ್ದು ಅಷ್ಟೇ. ಹಳೆ ವಿದ್ಯಾರ್ಥಿಗಳು ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಡುವಾಗ ದೂರದೇಶದ ಐತಿಹಾಸಿಕ ಕಥೆಗಳ ಕನ್ನಡ ಅನುವಾದಗಳನ್ನೂ ನೆನೆಯಲಿ; ಅನುವಾದವಿಲ್ಲದ ಕಡೆ, ಎರಡು ಮೂರು ಭಾಷೆ ಬಲ್ಲ ನಮ್ಮವರೇ ಆ ಕೆಲಸಕ್ಕೆ ಕೈಹಚ್ಚಲಿ.

ನಾರ್ವೆಯ ಹಡಗುಗಳು ಸಾವಿರ ವರ್ಷ ಮಣ್ಣಿನೊಳಗೆ ಉಳಿದದ್ದು ಅವನ್ನು ಮುಚ್ಚಿದ ಜೇಡಿಮಣ್ಣು ಗಟ್ಟಿಯಾಗಿದ್ದುದರಿಂದ. ಕಥೆಗಳು ಹಾಗಲ್ಲ, ಅವು ಮುಚ್ಚಿಟ್ಟರೆ ಉಳಿಯುವುದಿಲ್ಲ, ಬಾಯಿಂದ ಬಾಯಿಗೆ, ಹಾಳೆಯಿಂದ ತೆರೆಗೆ ಸಾಗಿದರೆ ಮಾತ್ರ ಉಳಿಯುತ್ತವೆ. ಸಾಗಿಸುವ ಕೈಗಳನ್ನು ಈ ಶಾಲೆ ಇನ್ನೂ ನೂರು ವರ್ಷ ಸಿದ್ಧಪಡಿಸಲಿ ಎಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ.